ಶುಲ್ಕ ಬಾಕಿಯಿದ್ದರೆ ಕಡತ ಯಾರದು?

ವಿಚ್ಛೇದನದ ವ್ಯಾಜ್ಯವು ಇನ್ನೂ ನಡೆಯುತ್ತಿರುವಾಗಲೇ,
ವಕೀಲರ ಶುಲ್ಕ ಮೊದಲಿನ ಮಾತನ್ನು ಮೀರಿತೆಂದು ನೀವು ತಕರಾರೆತ್ತಿದರೆ,
ಅವರು ನಿಮ್ಮ ಕಡತವನ್ನು ತಡೆಹಿಡಿಯಬಹುದೆ?

ತಿರುಪ್ಪೂರಿನ ಬಣ್ಣದ ಕಾರ್ಖಾನೆಯವನು,
ಕೂಲಿ ಸಂದಾಯವಾಗುವವರೆಗೆ
ತಾನು ಬಣ್ಣವೇರಿಸಿದ ಬನಿಯನ್ ಬಟ್ಟೆಯನ್ನು ಇಟ್ಟುಕೊಳ್ಳಬಲ್ಲನು;
ಕರಾರು ಕಾಯಿದೆಯೇ ಅವನಿಗೆ ಆ ಅಧಿಕಾರವನ್ನಿತ್ತಿದೆ.
ಆದರೆ ಮದುವೆಯ ದಾಖಲೆ, ಆಸ್ತಿಪತ್ರ, ಮಗುವಿನ ಜನನಪತ್ರ
ಇವು ಮಾರಾಟದ ಸರಕಲ್ಲವಾದುದರಿಂದ,
ವಕೀಲನಿಗೆ ಕಡತದ ಮೇಲೆ ಅಂಥ ಹಿಡಿತವಿಲ್ಲವೆಂದು
ಸರ್ವೋಚ್ಚ ನ್ಯಾಯಾಲಯವು 2000ದಲ್ಲಿಯೇ,
ಆರ್. ಡಿ. ಸಕ್ಸೇನಾ ಪ್ರಕರಣದಲ್ಲಿ, ನಿರ್ಣಯಿಸಿತು.
ಶುಲ್ಕ ಬೇಕಿದ್ದರೆ ಅವರು ದಾವೆ ಹೂಡಲಿ, ಕಡತ ನಿಮ್ಮದು.

ಗೆದ್ದ ಹಣದಲ್ಲಿ ಶೇಕಡಾವಾರು ಪಾಲೋ?
ಅದೂ ಸಲ್ಲದೆಂದು 2017ರ ಬಿ. ಸುನೀತಾ ತೀರ್ಪು.

ವಕೀಲರ ಸೇವೆಯ ಕುರಿತ ದೂರಿಗೆ ಗ್ರಾಹಕ ನ್ಯಾಯಾಲಯದ ಬಾಗಿಲು ಮಾತ್ರ 2024ರ ಮೇ ತಿಂಗಳಲ್ಲಿ ಮುಚ್ಚಿತು;
ಕಕ್ಷಿದಾರನಿಗೆ ಅದು ನಷ್ಟವೆಂದೇ ನನ್ನ ಭಾವನೆ.
ಆದುದರಿಂದ, ಕೊಯಮತ್ತೂರಿನವರಾಗಲಿ ತಿರುಪ್ಪೂರಿನವರಾಗಲಿ,
ದುರ್ನಡತೆಯ ದೂರನ್ನು,
1961ರ ವಕೀಲರ ಕಾಯಿದೆಯ 35ನೆಯ ಕಲಮಿನ ಮೇರೆಗೆ,
ಚೆನ್ನೈಯಲ್ಲಿರುವ ತಮಿಳುನಾಡು ಮತ್ತು ಪುದುಚೇರಿ ವಕೀಲರ ಪರಿಷತ್ತಿಗೆ ಸಲ್ಲಿಸತಕ್ಕದ್ದು.
ಬರಿಯ ಲೆಕ್ಕದ ಜಗಳವಾದರೆ ಸಿವಿಲ್ ನ್ಯಾಯಾಲಯ.

ಮನೆಯಲ್ಲಿ ಕನ್ನಡವಾಡುವ ದೇವಾಂಗ, ಒಕ್ಕಲಿಗ ಕುಟುಂಬಗಳ ಸೋದರಿಯರೆ,
ಸ್ತ್ರೀಯರಿಗೆ, ಆದಾಯವೆಷ್ಟೇ ಇರಲಿ,
ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು
ಉಚಿತವಾಗಿ ವಕೀಲರನ್ನು ಒದಗಿಸುತ್ತದೆ.
ಮೊದಲು ಅಲ್ಲಿ ವಿಚಾರಿಸಿರಿ;
ಖಾಸಗಿ ವಕೀಲರಿಗೆ ಕೊಟ್ಟ ಪ್ರತಿಯೊಂದು ರೂಪಾಯಿಗೂ
ತಪ್ಪದೆ ರಸೀದಿ ಪಡೆಯಿರಿ.