ಬೆಂಕಿ ಯಾವ ಬೀಟ್‌ನಲ್ಲಿ?

2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಟಿವಿಯಲ್ಲಿ ಎಲ್ಲರ ಕಣ್ಣಿಗೂ ಬಿದ್ದದ್ದು ನೀರು ಸುರಿಯುವ ವಾಯುಪಡೆಯ ಹೆಲಿಕಾಪ್ಟರ್. ಅದು ಬರುವಷ್ಟರಲ್ಲಿ ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನ ಕಾಡು ಬೂದಿಯಾಗಿತ್ತು. ಸುಟ್ಟದ್ದು ಸುಮಾರು 4,400 ಹೆಕ್ಟೇರ್ ಎಂದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಆಮೇಲೆ ಉಪಗ್ರಹ ಚಿತ್ರ ನೋಡಿ ಲೆಕ್ಕ ಹಾಕಿತು. ಕಾಡ್ಗಿಚ್ಚು ಕೈಗೆ ಸಿಗುವುದು ಅದಿನ್ನೂ ತರಗೆಲೆಯಲ್ಲಿ ಹರಿದಾಡುತ್ತಿರುವಾಗ; ನಾಲ್ಕು ಜನ ಹಸಿ ಸೊಪ್ಪು ಹಿಡಿದು ಬಡಿದರೆ ಆಗ ಆರುತ್ತದೆ. ಒಣಗಿದ ಲಂಟಾನ ಪೊದೆಗೆ ಏರಿತೋ, ಹತ್ತಿರ ಹೋಗುವುದೇ ಕಷ್ಟ. ಆ ನಾಲ್ಕು ಜನರನ್ನು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟಿಸುವುದಕ್ಕೇ ಬೇಕು ಡಿಜಿಟಲ್ ನಕ್ಷೆ.

ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹದ ಮೂಲಕ ಕಾಡ್ಗಿಚ್ಚು ಪತ್ತೆಹಚ್ಚಿ ತಿಳಿಸುವ ಕೆಲಸದಲ್ಲಿದೆ. ಅಮೆರಿಕದ ಟೆರ್ರಾ, ಅಕ್ವಾ ಉಪಗ್ರಹಗಳ ‘ಮೋಡಿಸ್’ ಉಪಕರಣ ನೆಲದ ಶಾಖ ಗುರುತಿಸುತ್ತದೆ. ಸುಓಮಿ ಎನ್‌ಪಿಪಿ ಉಪಗ್ರಹದ ‘ವೀರ್ಸ್’ ಆಮೇಲೆ ಸೇರಿಕೊಂಡಿತು. ಬಿಸಿ ಕಂಡ ಜಾಗಗಳನ್ನು ಅರಣ್ಯದ ಗಡಿರೇಖೆಗಳ ಮೇಲಿಟ್ಟು, ಕಾಡಿನ ಹೊರಗಿನವನ್ನು ಬಿಟ್ಟು, ಉಳಿದವನ್ನು ವಿಭಾಗ, ವಲಯ, ಬೀಟ್ (ಒಬ್ಬ ಗಾರ್ಡ್ ಕಾಯುವಷ್ಟು ಕಾಡು) ಹೆಸರಿನೊಂದಿಗೆ ಎಸ್ಸೆಮ್ಮೆಸ್ ಮಾಡುತ್ತಾರೆ. ನನಗೆ ಉಪಗ್ರಹಕ್ಕಿಂತ ಈ ಗಡಿರೇಖೆಗಳ ಕೆಲಸವೇ ದೊಡ್ಡದೆನಿಸುತ್ತದೆ. ಬರೀ ಅಕ್ಷಾಂಶ ರೇಖಾಂಶ ಕೊಟ್ಟರೆ ಯಾರು ಹೊರಡಬೇಕು? ಬೀಟ್ ಹೆಸರು ಬಂದರೆ ಅಲ್ಲಿನ ಗಾರ್ಡ್ ಯಾರೆಂದು ಎಲ್ಲರಿಗೂ ಗೊತ್ತು.

ಆದರೆ ಪರದೆಯ ಕೆಂಪು ಚುಕ್ಕೆಯನ್ನು ಪೂರ್ತಿ ನಂಬಿ ನಡೆದರೆ ಕೆಟ್ಟೆವು. ವೀರ್ಸ್ ನೆಲವನ್ನು ನೋಡುವುದು ಸುಮಾರು 375 ಮೀಟರ್ ಉದ್ದಗಲದ ಚೌಕಗಳಾಗಿ. ಒಂದು ಚೌಕವೆಂದರೆ ಹತ್ತಿರಹತ್ತಿರ 35 ಎಕರೆ. ಮೋಡಿಸ್‌ನ ಚೌಕ ಒಂದು ಕಿಲೋಮೀಟರ್. ಚುಕ್ಕೆ ಬೀಳುವುದು ಚೌಕದ ನಡುವೆ. ಬೆಂಕಿ ಅದರ ಯಾವ ಮೂಲೆಯಲ್ಲಾದರೂ ಇರಬಹುದು, ಹಳ್ಳದ ಆಚೆಗೂ ಇರಬಹುದು. ಹೊತ್ತಿನ ತೊಡಕು ಇನ್ನೊಂದು. ವೀರ್ಸ್ ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ, ನಡುರಾತ್ರಿ ಒಂದೂವರೆಯ ಸುಮಾರಿಗೆ. ಸಂಜೆ ನಾಲ್ಕಕ್ಕೆ ಹತ್ತಿದ ಬೆಂಕಿ ಈ ಉಪಗ್ರಹಗಳಿಗೆ ಕಾಣುವುದು ರಾತ್ರಿಯೇ. ಮೋಡ ಕವಿದಿದ್ದರೆ ಅದೂ ಇಲ್ಲ. ಹಾಗಾಗಿ ವಾಚ್ ಟವರ್ ಮೇಲೆ ಕೂತು ಹೊಗೆ ನೋಡುವ ಫೈರ್ ವಾಚರ್ ಕೆಲಸ ಇವತ್ತಿಗೂ ತಪ್ಪಿಲ್ಲ.

ಬೆಂಕಿಯ ಸುದ್ದಿ ಸಿಕ್ಕಿ ಹೊರಟವರಿಗೆ ಮೊಬೈಲಿನಲ್ಲಿರುವ ನಕ್ಷೆ ಬೇಕು. ಕಾಡಿನೊಳಗೆ ಸಿಗ್ನಲ್ ಸಿಗದು, ಜಿಪಿಎಸ್ ಸಿಗುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ತಾವೆಲ್ಲಿದ್ದೇವೆ, ಬೆಂಕಿ ದಾಟದಂತೆ ಸವರಿಟ್ಟ ಹತ್ತಿರದ ಬೆಂಕಿ ರೇಖೆ ಯಾವುದು, ಜೀಪು ಎಲ್ಲಿಯವರೆಗೆ ಹೋದೀತು, ನೀರಿರುವ ಕೆರೆ ಎತ್ತ ಎಂದು ಕಾಣುತ್ತದೆ. ಇವನ್ನೆಲ್ಲ ಯಾರಾದರೂ ಅದರಲ್ಲಿ ತುಂಬಿದ್ದರೆ ಮಾತ್ರ. ಯಾವ ಕೆರೆ ಮಾರ್ಚ್‌ಗೇ ಬತ್ತುತ್ತದೆ, ಯಾವ ದಾರಿಯನ್ನು ಲಂಟಾನ ನುಂಗಿದೆ ಎಂಬುದು ಉಪಗ್ರಹ ಹೇಳುವ ವಿಷಯವಲ್ಲ. ಬೇಸಿಗೆಗೆ ಮುಂಚೆ ಕಾವಲುಗಾರರನ್ನು ಕೂರಿಸಿಕೊಂಡು ಕೇಳಿ ಗುರುತು ಹಾಕಿಸಬೇಕು. ಬಜೆಟ್ಟಿನಲ್ಲಿ ಡ್ರೋನ್‌ಗೆ ಸಿಗುವ ಮರ್ಯಾದೆ ಈ ಕೆಲಸಕ್ಕೆ ಸಿಕ್ಕೀತೆ, ನನಗೆ ಅನುಮಾನ.

ಅಂದಹಾಗೆ, ಬೆಂಕಿಯ ಎಸ್ಸೆಮ್ಮೆಸ್ ಇಲಾಖೆಯವರಿಗಷ್ಟೇ ಮೀಸಲಲ್ಲ. ಸರ್ವೇಕ್ಷಣಾ ಸಂಸ್ಥೆಯ ‘ವನ್ ಅಗ್ನಿ’ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಕಾಡಂಚಿನ ಊರಿನವರಿಗೂ ಬರುತ್ತದೆ.