ಸ್ವರಶಾಸ್ತ್ರ ಕಲಿತರೆ ಹಾಡು ಕೆಡುತ್ತದೆಯೇ?

ಕಲೋತ್ಸವದ ತಯಾರಿ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ನಿಮ್ಮ ಶಾಲೆಯ ಎಂಟನೇ ತರಗತಿಯ ಹುಡುಗನೊಬ್ಬ ಯಕ್ಷಗಾನದ ಪದವೊಂದನ್ನು ಎತ್ತಿ ಹಾಡ್ತಾನೆ. ಅಜ್ಜನ ಜೊತೆ ಆಟಕ್ಕೆ ಹೋಗಿ, ರಾತ್ರಿಯಿಡೀ ಕೂತು ಕಿವಿಯಲ್ಲೇ ಕಲಿತದ್ದು. ಕೇಳಿದವರೊಬ್ಬರು, "ಚೆನ್ನಾಗಿದೆ ಮಗಾ, ಆದರೆ ಇದು ಸರಿಯಾದ ಸಾವೇರಿ ಅಲ್ಲ" ಎನ್ನುತ್ತಾರೆ. ಮರುದಿನದಿಂದ ಹುಡುಗ ಬಾಯಿ ಬಿಡುವುದಿಲ್ಲ. ಇನ್ನೊಬ್ಬರು ಬಂದು, "ಶಾಸ್ತ್ರಗೀಸ್ತ್ರ ಎಲ್ಲ ಬೇಡ, ಅದು ಕಲಿತರೆ ಸಹಜ ಕಂಠ ಹೋಗ್ತದೆ" ಎಂದು ಸಮಾಧಾನ ಮಾಡುತ್ತಾರೆ.

ಇಬ್ಬರಲ್ಲಿ ಯಾರು ಸರಿ? ಇದು ಸಂಗೀತದ ಪ್ರಶ್ನೆ ಮಾತ್ರ ಅಲ್ಲ, ವಿಜ್ಞಾನ ಕಲಿಸುವ ನಮ್ಮದೂ ಹೌದು. ನಿಯಮ ಮೊದಲೋ ಅನುಭವ ಮೊದಲೋ ಎಂಬುದು ನಮಗೆ ದಿನಾ ಎದುರಾಗುವ ಸಂಗತಿ ಅಲ್ವಾ?

ಮೊದಲು ಒಂದು ಪ್ರಯೋಗ ಮಾಡಿ ನೋಡಿ. ಎರಡು ಮೊಬೈಲ್ ಸಾಕು. ಬೇಕಾದ ಆವೃತ್ತಿಯ ಧ್ವನಿ ಹುಟ್ಟಿಸುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಅದರಲ್ಲಿ ಗರಗಸದ ಹಲ್ಲಿನ ಆಕಾರದ ತರಂಗವನ್ನು ಆಯ್ದುಕೊಳ್ಳಿ. ಅದರಲ್ಲಿ ಮೂಲ ಧ್ವನಿಯ ಜೊತೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳೂ ಇರುತ್ತವೆ. ಒಂದು ಮೊಬೈಲಿನಲ್ಲಿ 300 ಹರ್ಟ್ಸ್ ಇಡಿ, ಇದು ನಮ್ಮ ಷಡ್ಜ. ಇನ್ನೊಂದರಲ್ಲಿ 375 ಇಡಿ. ಎರಡೂ ಒಟ್ಟಿಗೆ ಕೇಳಲಿ. ಆಮೇಲೆ 375ನ್ನು 378 ಮಾಡಿ. ಯಾವುದು ಸೇರ್ತದೆ ಎಂದು ಮಕ್ಕಳನ್ನು ಕೇಳಿ. 378ರಲ್ಲಿ ಒಂದು ನಡುಕ, ಒಂದು ಒರಟುತನ ಇರುವುದು ಸಂಗೀತ ಕಲಿಯದ ಮಕ್ಕಳ ಕಿವಿಗೂ ಸಿಗುತ್ತದೆ.

ಕಾರಣ ಸರಳ. 300 ಮತ್ತು 375ರ ಅನುಪಾತ 4:5. ಮೊದಲನೆಯದರ ಐದನೇ ಉಪಸ್ವರ 1500, ಎರಡನೆಯದರ ನಾಲ್ಕನೆಯದೂ 1500. ಎರಡೂ ಒಂದರ ಮೇಲೊಂದು ಕೂರುತ್ತವೆ. 378ರ ನಾಲ್ಕು ಪಟ್ಟು 1512. ವ್ಯತ್ಯಾಸ 12, ಅಂದರೆ ಸೆಕೆಂಡಿಗೆ 12 ಮಿಡಿತ.

ತಮಾಷೆ ಏನೆಂದರೆ, ಆ ನಡುಗುವ 378 ಎಂಬುದೇ ಕೀಬೋರ್ಡು, ಹಾರ್ಮೋನಿಯಂಗಳು ಸಾಮಾನ್ಯವಾಗಿ ಕೊಡುವ ಅಂತರ ಗಾಂಧಾರ. ಹೀಗೇಕೆ? ಷಡ್ಜದಿಂದ ಪಂಚಮಕ್ಕೆ ಅನುಪಾತ 3:2. ಹೀಗೆ ಪಂಚಮದ ಪಂಚಮ, ಅದರ ಪಂಚಮ ಎಂದು 12 ಸಲ ಏರಿದರೆ ಮೂಲದ 129.75 ಪಟ್ಟು ಆಗುತ್ತದೆ. ಏಳು ಸ್ಥಾಯಿ ಏರಿದರೆ ಸಿಗುವುದು 128. ಎರಡೂ ಕೂಡಿಬರುವುದಿಲ್ಲ. ಈ ಚಿಕ್ಕ ತಪ್ಪನ್ನು ಎಲ್ಲ ಮನೆಗಳಿಗೂ ಹಂಚಿ, ಸ್ಥಾಯಿಯನ್ನು 12 ಸಮಭಾಗ ಮಾಡಿದ್ದಾರೆ. ಯಾವ ಶ್ರುತಿಯಿಂದ ಹೊರಟರೂ ನುಡಿಸಬಹುದು ಎಂಬುದು ಲಾಭ. ಗಾಂಧಾರ ಸ್ವಲ್ಪ ಮೇಲೆ ಹೋಗುವುದು ನಷ್ಟ. ಜೊತೆಗೆ, ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವ ಗಮಕ ಹಾರ್ಮೋನಿಯಂನಲ್ಲಿ ಬರುವುದಿಲ್ಲ. ಇಂಥ ಆಕ್ಷೇಪಗಳಿಂದಲೇ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಅದು ಸಡಿಲವಾದದ್ದು ದಶಕಗಳ ನಂತರ.

ಇಲ್ಲಿಗೆ ಒಂದು ಮಾತು ಸ್ಪಷ್ಟ. ಕೀಬೋರ್ಡಿನ ಮನೆಗೆ ಕೂರಲಿಲ್ಲ ಎಂದ ಮಾತ್ರಕ್ಕೆ ಹುಡುಗನ ಸ್ವರ ತಪ್ಪು ಎನ್ನಲಿಕ್ಕಾಗದು. ಹಾಗೆಂದು ಶಾಸ್ತ್ರವೇ ಬೇಡ ಎನ್ನುವ ಹಾಗೂ ಇಲ್ಲ. ಕೀಬೋರ್ಡಿನ ಮಿತಿಯನ್ನು ನಮಗೆ ತೋರಿಸಿಕೊಟ್ಟದ್ದು ಶಾಸ್ತ್ರವೇ ಅಲ್ವಾ!

ಈಗ ಚೌಕಿಯ ಕಡೆಗೆ ಬನ್ನಿ. ಮದ್ದಳೆಯ ಮುಚ್ಚಿಗೆಯ ನಡುವೆ ಕಪ್ಪು ಲೇಪ ಇರುತ್ತದಲ್ಲ, ಅದು ಅಂದಕ್ಕೆ ಹಾಕಿದ್ದಲ್ಲ. ಬರಿಯ ದುಂಡು ಚರ್ಮವನ್ನು ಬಡಿದರೆ ಬರುವ ಉಪಸ್ವರಗಳು ಮೂಲದ 1.59, 2.14, 2.30 ಪಟ್ಟು, ಹೀಗೆ ಅಡ್ಡಾದಿಡ್ಡಿ. ಆದ್ದರಿಂದ ಚರ್ಮವಾದ್ಯದಲ್ಲಿ ಸ್ಪಷ್ಟ ಶ್ರುತಿ ಬಾರದು ಎಂಬುದು ಪುಸ್ತಕದ ಲೆಕ್ಕ. ಆದರೆ ಮೃದಂಗ, ತಬಲಗಳಲ್ಲಿ ಆ ಲೇಪದ ಭಾರದಿಂದಾಗಿ ಉಪಸ್ವರಗಳು ಬಹುಮಟ್ಟಿಗೆ 2, 3, 4, 5 ಪಟ್ಟಿಗೆ ಬಂದು ನಿಲ್ಲುತ್ತವೆ ಎಂದು ಸಿ.ವಿ. ರಾಮನ್ ತೋರಿಸಿದರು. 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸಹೋದ್ಯೋಗಿಯೊಬ್ಬರ ಜೊತೆ, ಮತ್ತೆ 1934ರಲ್ಲಿ ವಿವರವಾಗಿ ಅವರು ಇದನ್ನು ಪ್ರಕಟಿಸಿದ್ದಾರೆ. ವಾದ್ಯ ಮಾಡುವವರು ಸಮೀಕರಣ ಬಿಡಿಸಿದವರಲ್ಲ. ಲೇಪ ಹಾಕಿ, ಬಡಿದು, ಕೇಳಿ, ಮತ್ತೆ ಲೇಪ ಹಾಕಿ ತಲೆಮಾರುಗಳಲ್ಲಿ ಕಂಡುಕೊಂಡರು. ಕಿವಿ ಮುಂದೆ ಹೋಯಿತು, ಶಾಸ್ತ್ರ ಹಿಂದಿನಿಂದ ಬಂದು ಏಕೆ ಎಂದು ಹೇಳಿತು.

ಶಾಸ್ತ್ರ ಯಾವಾಗಲೂ ಹಿಂದೆಯೇ ಇರುತ್ತದೆಯೇ? ಇಲ್ಲ. ತಂಜಾವೂರಿನಲ್ಲಿ ನೆಲೆಸಿದ್ದ ಕನ್ನಡ ಮೂಲದ ಮನೆತನದ ವೆಂಕಟಮಖಿ 17ನೇ ಶತಮಾನದಲ್ಲಿ 'ಚತುರ್ದಂಡೀ ಪ್ರಕಾಶಿಕೆ' ಬರೆದರು. ರಿಷಭ-ಗಾಂಧಾರಗಳನ್ನು ಜೋಡಿಸಲು 6 ದಾರಿ, ಧೈವತ-ನಿಷಾದಗಳಿಗೆ 6, ಮಧ್ಯಮಕ್ಕೆ 2. ಗುಣಿಸಿದರೆ 72 ಮೇಳ. ಆಗ ಬಳಕೆಯಲ್ಲಿದ್ದವು 19 ಮಾತ್ರ ಎಂದು ಅವರೇ ಹೇಳಿದ್ದಾರೆ. ಉಳಿದವು ಖಾಲಿ ಕೋಣೆಗಳು. ಮುಂದೆ ಬಂದ ವಾಗ್ಗೇಯಕಾರರು ಆ ಕೋಣೆಗಳಿಗೆ ಹೊಕ್ಕು ಹಾಡು ಕಟ್ಟಿದರು. ಲೆಕ್ಕ ಇಲ್ಲದಿದ್ದರೆ ಅಲ್ಲಿ ಬಾಗಿಲು ಉಂಟೆಂದೇ ಗೊತ್ತಾಗುತ್ತಿರಲಿಲ್ಲ.

ಆದರೆ ರಾಗವೆಂದರೆ ಸ್ವರಗಳ ಪಟ್ಟಿ ಮಾತ್ರ ಅಂದುಕೊಂಡರೆ ಎಡವುತ್ತೇವೆ. ದರ್ಬಾರ್ ಮತ್ತು ನಾಯಕಿ ಎರಡೂ 22ನೇ ಮೇಳದ ಮಕ್ಕಳು. ಅವನ್ನು ಬೇರೆ ಮಾಡುವುದು ಸ್ವರದ ನಡೆ, ತೂಗು, ನಿಲುಗಡೆ. ಪಟ್ಟಿ ನೋಡಿ ಇದು ಬರುವುದಿಲ್ಲ, ಕೇಳಿಯೇ ಬರಬೇಕು.

ನಮ್ಮ ಭಾಗವತಿಕೆಯಲ್ಲಿ ಈ ತೊಡಕು ಇನ್ನೂ ಹತ್ತಿರದಿಂದ ಕಾಣುತ್ತದೆ. ಯಾವ ಪ್ರಸಂಗ ಪುಸ್ತಕ ತೆರೆದರೂ ಪದದ ಮೇಲೆ ರಾಗ, ತಾಳದ ಹೆಸರು ಅಚ್ಚಾಗಿರುತ್ತದೆ. ಅಂದರೆ ಕುಂಬಳೆಯ ಪಾರ್ತಿಸುಬ್ಬನ ಈ ನಾಡಿಗೆ ಶಾಸ್ತ್ರ ಹೊರಗಿನಿಂದ ಬಂದ ಅತಿಥಿ ಅಲ್ಲ. ಆದರೆ ಅದೇ ಹೆಸರಿನ ರಾಗ ಕಛೇರಿಯಲ್ಲಿ ಒಂದು ಬಗೆ, ರಂಗಸ್ಥಳದಲ್ಲಿ ಇನ್ನೊಂದು ಬಗೆ ಆಗಬಹುದು. ಗೋಪನೀತೆ, ಕೊರವಿಯಂಥ ಯಕ್ಷಗಾನದ್ದೇ ಹೆಸರುಗಳೂ ಉಂಟು. ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ಅಜ್ಜನಿಂದ ಬಂದ ಹಳೆಯ ಹಾದಿಯನ್ನೇ ಕೊನೆಯವರೆಗೆ ಉಳಿಸಿಕೊಂಡರು. ದಾಮೋದರ ಮಂಡೆಚ್ಚರು ಶಾಸ್ತ್ರೀಯ ಸಂಗೀತದ ಬೆಡಗನ್ನು ತೆಂಕುತಿಟ್ಟಿಗೆ ತಂದರು. ಇಬ್ಬರಿಗೂ ಜನ ಮಾರುಹೋದರು. ಒಬ್ಬರ ಅಳತೆಗೋಲಿನಲ್ಲಿ ಇನ್ನೊಬ್ಬರನ್ನು ಅಳೆದರೆ ಇಬ್ಬರೂ ತಪ್ಪಿದವರಾಗಿ ಕಾಣುತ್ತಾರೆ, ಅಷ್ಟೇ.

ಹಾಗಾದರೆ ಶಾಸ್ತ್ರದಿಂದ ತೊಂದರೆ ಆಗುವುದೇ ಇಲ್ಲವೇ? ಆಗ್ತದೆ. 1990ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಬ್ಯಾಂಕ್ ದರೋಡೆಯ ವೀಡಿಯೋ ತೋರಿಸಿ, ಕೆಲವರಿಂದ ಕಳ್ಳನ ಮುಖದ ವಿವರ ಬರೆಸಿದರು. ಬರೆಯದವರಿಗಿಂತ ಬರೆದವರೇ ಆಮೇಲೆ ಮುಖ ಗುರುತಿಸುವುದರಲ್ಲಿ ಹಿಂದೆ ಬಿದ್ದರು. ಅದು ಮುಖದ ಪ್ರಯೋಗ, ರಾಗದ್ದಲ್ಲ. ಆದರೆ ಮಾತಿಗೆ ಸಿಗದ ತಿಳಿವನ್ನು ಬೇಗ ಮಾತಿಗೆ ಇಳಿಸಿದರೆ ಕೈಜಾರಬಹುದು ಎಂಬ ಎಚ್ಚರಿಕೆ ಅದರಲ್ಲುಂಟು. ಹಾಡುತ್ತಿರುವಾಗಲೇ "ಇದು ಯಾವ ಧೈವತ?" ಎಂದು ಕೇಳಿದರೆ ಮಗು ತಡವರಿಸುವುದು ಸಹಜ. ಸೈಕಲ್ ಬಿಡುವವನನ್ನು ತಡೆದು ಗುರುತ್ವ ಕೇಂದ್ರ ಎಲ್ಲಿ ಎಂದು ಕೇಳಿದ ಹಾಗೆ.

ಈಗ ಮಕ್ಕಳು ಮೊಬೈಲಿನಲ್ಲೇ ಹಾಡು ಮುದ್ರಿಸಿ, ತಾಳ ಕೂಡಿಸಿ ಹಂಚುತ್ತಾರೆ. ಸ್ವರ ತಿದ್ದುವ ಸಾಫ್ಟ್‌ವೇರ್ ಮಾಡುವ ಕೆಲಸ ಏನು? ಹಾಡಿದ ಸ್ವರವನ್ನು ಹತ್ತಿರದ ಸಮಭಾಗದ ಮನೆಗೆ ಎಳೆದು ಕೂರಿಸುವುದು. ಭಾಗವತಿಕೆಯ ಗಮಕ ಅಲ್ಲಿ ಮೆಟ್ಟಿಲಾಗಿ ಹೋಗುತ್ತದೆ. ಶಾಸ್ತ್ರ ಏನೂ ಗೊತ್ತಿಲ್ಲದ ಮಗು, ಯಂತ್ರ ಹೇಳಿದ್ದೇ ಸರಿ ಎಂದು ನಂಬುತ್ತದೆ. 375ಕ್ಕೂ 378ಕ್ಕೂ ಇರುವ ವ್ಯತ್ಯಾಸ ಗೊತ್ತಿದ್ದ ಮಗು ಆ ಗುಂಡಿಯನ್ನು ಆರಿಸುತ್ತದೆ. ಈ ಕಾಲದಲ್ಲಿ ಶಾಸ್ತ್ರ ಬೇಕಾದದ್ದು ಇದಕ್ಕೂ ಹೌದು.

ತರಗತಿಯಲ್ಲಿ ನೀವೇನು ಮಾಡಬಹುದು? ಮೊದಲು ಹಾಡಲಿ, ಕೇಳಲಿ, ಬೇಕಾದಷ್ಟು ಸಲ. ಹೆಸರು ಆಮೇಲೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ ಮಾತಾಡುವ ನಮ್ಮ ಮಕ್ಕಳು ವ್ಯಾಕರಣ ಕಲಿತು ಬಾಯಿ ತೆರೆದವರಲ್ಲವಲ್ಲ. ಹೆಸರು ಹೇಳುವಾಗಲೂ ಮಗು ಈಗಾಗಲೇ ಮಾಡುತ್ತಿರುವುದಕ್ಕೇ ಹೆಸರು ಕೊಡಿ. "ನೀನು ಈಗ ಎಳೆದೆಯಲ್ಲ, ಅದಕ್ಕೆ ಗಮಕ ಅಂತಾರೆ" ಎನ್ನಿ. ಪುಸ್ತಕಕ್ಕೂ ಹಾಡಿಗೂ ತಾಳೆಯಾಗದಿದ್ದರೆ "ತಪ್ಪು" ಎನ್ನುವ ಮೊದಲು "ಇದು ಯಾರಿಂದ ಕಲಿತದ್ದು?" ಎಂದು ಕೇಳಿ.

ಆ ಎಂಟನೇ ತರಗತಿಯ ಹುಡುಗನನ್ನೂ ಕರೆಯಿರಿ. ಎರಡು ಮೊಬೈಲ್ ಅವನ ಕೈಗೇ ಕೊಡಿ. 300ರ ಎದುರು ತನಗೆ ಸೇರುವ ಗಾಂಧಾರ ಎಲ್ಲಿದೆ ಎಂದು ಅವನೇ ತಿರುಗಿಸಿ ಹುಡುಕಲಿ. ಅವನು ನಿಲ್ಲಿಸಿದ ಸಂಖ್ಯೆಯನ್ನು ಬೋರ್ಡಿನಲ್ಲಿ ಬರೆಯಿರಿ. ಅನುಪಾತದ ಪಾಠವನ್ನು ಅಲ್ಲಿಂದಲೇ ಶುರುಮಾಡಬಹುದು.