ಎಳೆಯ ಮಗುವಿನೊಡನೆ ಊರಿನ ಪಯಣ: ಬುತ್ತಿಯಲ್ಲಿ ಏನಿರಬೇಕು?

ಬೇಸಗೆಯ ರಜೆ ಸಮೀಪಿಸಿತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಆರಂಭವಾಗುತ್ತದೆ. ಟಿಕೆಟು ದೊರೆಯಿತೇ, ಬುತ್ತಿಗೆ ಚಿತ್ರಾನ್ನವೋ ಚಪಾತಿಯೋ ಎಂಬ ಚರ್ಚೆಯಲ್ಲಿಯೇ ಅರ್ಧ ಪ್ರಯಾಣದ ಸುಖವಿದೆ. ಆದರೆ ಮನೆಯಲ್ಲಿ ವರ್ಷ ತುಂಬದ ಮಗುವೊಂದಿದ್ದರೆ ಮತ್ತೊಂದು ಪ್ರಶ್ನೆ ಏಳುತ್ತದೆ: ದಾರಿಯಲ್ಲಿ ಮಗುವಿಗೆ ಏನನ್ನು ಉಣಿಸುವುದು? ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಂಡು ಪಶ್ಚಾತ್ತಾಪ ಪಟ್ಟವರು ನಾವು. ಆ ಅನುಭವವೇ ಈ ಬರಹಕ್ಕೆ ಪ್ರೇರಣೆ.

ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ಕೊಂಕಣ ರೈಲುಮಾರ್ಗವು 1998ರ ಜನವರಿ 26ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆದುಕೊಂಡಿತು. ಅದಕ್ಕೆ ಮುನ್ನ ಘಟ್ಟದ ತಿರುವುಗಳಲ್ಲಿ ಬಸ್ಸಿನ ಕುಲುಕಾಟವನ್ನು ಸಹಿಸಿ ಊರು ಸೇರುತ್ತಿದ್ದ ದಿನಗಳು ಹಿರಿಯರ ನೆನಪಿನಲ್ಲಿ ಇನ್ನೂ ಹಸಿರಾಗಿವೆ. ಈಗ ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನಲ್ಲಿ ಮಧ್ಯಾಹ್ನ ಹೊರಟರೆ ಮರುದಿನ ಬೆಳಿಗ್ಗೆ ಕರಾವಳಿಯಲ್ಲಿರುತ್ತೇವೆ. ದೊಡ್ಡವರಿಗೆ ಇದು ಒಂದು ರಾತ್ರಿಯ ನಿದ್ದೆ. ಎಂಟು ತಿಂಗಳ ಮಗುವಿಗೆ ಎರಡು ಮೂರು ಊಟದ ಹೊತ್ತು.

ಕೆಲವು ವರ್ಷಗಳ ಹಿಂದೆ ಮೊಮ್ಮಗಳನ್ನು ಮೊದಲ ಬಾರಿಗೆ ಕುಂದಾಪುರದ ಕಡೆಯ ನಮ್ಮ ಮನೆಗೆ ಕರೆದೊಯ್ದೆವು. ಮರಿಮಗಳ ಮುಖ ಕಾಣಲು ನಮ್ಮ ತಾಯಿಯವರು ದಿನ ಎಣಿಸುತ್ತಿದ್ದರು. ಮಧ್ಯಾಹ್ನ ಮನೆಯಲ್ಲಿ ರಾಗಿ ಸರಿ ಕಾಯಿಸಿ, ಬಿಸಿಯಾಗಿಯೇ ಇರಲೆಂದು ಫ್ಲಾಸ್ಕಿಗೆ ತುಂಬಿ, ಸಂಜೆಯೂ ರಾತ್ರಿಯೂ ಅದನ್ನೇ ಉಣಿಸಿದೆವು. ಊರು ತಲುಪಿದ ದಿನವೇ ಮಗುವಿಗೆ ವಾಂತಿ, ಭೇದಿ ಆರಂಭವಾಯಿತು. ಎರಡು ದಿನ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ತಾಯಿಯವರು ಮಗುವನ್ನು ನೆಮ್ಮದಿಯಿಂದ ಎತ್ತಿಕೊಂಡದ್ದು ಮೂರನೆಯ ದಿನ.

ತಪ್ಪು ರಾಗಿಯದಲ್ಲ, ಫ್ಲಾಸ್ಕಿನದೂ ಅಲ್ಲ; ನಮ್ಮ ತಿಳಿವಳಿಕೆಯದು. ಬೇಯಿಸಿದ ಧಾನ್ಯದಲ್ಲಿ ಕುದಿಗೂ ಸಾಯದ ಕೆಲವು ರೋಗಾಣುಗಳ ಬೀಜಕಗಳು ಉಳಿದಿರಬಹುದು. ಉಗುರುಬೆಚ್ಚಗಿನ ಕಾವು, ತೇವ, ಪಿಷ್ಟ ಮೂರೂ ಸೇರಿದರೆ ಅವು ಬೇಗನೆ ವೃದ್ಧಿಯಾಗುತ್ತವೆ. ಆದುದರಿಂದ ಬೇಯಿಸಿದ ಮಕ್ಕಳ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಫ್ಲಾಸ್ಕು ಇರಬೇಕಾದದ್ದು ಕುದಿಸಿದ ನೀರಿಗೆ, ಅಂಬಲಿಗಲ್ಲ.

ಹಾಗಾದರೆ ದಾರಿಯಲ್ಲಿ ಉಪಾಯವೇನು? ಇದಕ್ಕೆ ಉತ್ತರ ನಮ್ಮ ಹಿರಿಯರ ಅಡುಗೆಮನೆಯಲ್ಲಿಯೇ ಇದೆ: ರಾಗಿ ಹುರಿಹಿಟ್ಟು. ಸರಿಯ ಹಿಟ್ಟಿಗೂ ಹುರಿಹಿಟ್ಟಿಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಸರಿಗೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುತ್ತಾರೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಸರಿ ಗಟ್ಟಿಯಾಗದೆ, ಸಣ್ಣ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. ಆದರೆ ಅದನ್ನು ಒಲೆಯ ಮೇಲೆ ಬೇಯಿಸಲೇಬೇಕು. ಹುರಿಹಿಟ್ಟಿಗಾದರೋ ತೇವ ಮಾಡಿದ ರಾಗಿಯನ್ನು ಕಾದ ಬಾಣಲೆಯಲ್ಲಿ ಅರಳುವವರೆಗೆ ಹುರಿದು ಬೀಸುತ್ತಾರೆ. ಅರಳುವಾಗಲೇ ಕಾಳು ಬೆಂದಿರುವುದರಿಂದ ಬಿಸಿನೀರು ಬೆರೆಸಿದರೆ ಸಾಕು, ಆಹಾರ ಸಿದ್ಧ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದು, ಧಾನ್ಯಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಮುಂಬಯಿಯ ಕಿರಾಣಿ ಅಂಗಡಿಗಳಲ್ಲಿ 'ನಾಚಣಿ' ಎಂದು ಕೇಳಿದರೆ ರಾಗಿ ದೊರೆಯುತ್ತದೆ. ಹುರಿಹಿಟ್ಟನ್ನು ಮನೆಯಲ್ಲಿಯೇ ಮಾಡಿ, ನುಣ್ಣಗೆ ಜರಡಿ ಹಿಡಿಯುವುದು ಲೇಸು. ಅಂಗಡಿಯ ಹುರಿಹಿಟ್ಟಿನಲ್ಲಿ ಸಕ್ಕರೆ, ಬೆಲ್ಲ ಬೆರೆತಿರುವುದುಂಟು.

ಇನ್ನು ಕೆಲವು ಮಾತುಗಳು ಎಲ್ಲ ತಾಯಂದಿರಿಗೂ ಉಪಯುಕ್ತ. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು. ಆ ಬಳಿಕ ಮೇಲಾಹಾರದ ಜೊತೆಗೆ ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಮುಂದುವರಿಯಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವರ್ಷ ತುಂಬುವ ಮುನ್ನ ಉಪ್ಪು, ಸಕ್ಕರೆಗಳ ಅಗತ್ಯವಿಲ್ಲ. ಜೇನುತುಪ್ಪವನ್ನಂತೂ ಕೊಡಲೇಬಾರದು, ಅದರಲ್ಲಿರಬಹುದಾದ ಬೊಟುಲಿನಮ್ ಬೀಜಕಗಳು ಶಿಶುವಿನ ಕರುಳಿನಲ್ಲಿ ವಿಷವನ್ನು ಉಂಟುಮಾಡಬಲ್ಲವು. ಇಡೀ ಕಡಲೆ, ನೆಲಗಡಲೆ, ದ್ರಾಕ್ಷಿಗಳು ಗಂಟಲಲ್ಲಿ ಸಿಲುಕುವ ಅಪಾಯವಿದೆ. ಹೊಸ ಆಹಾರವನ್ನು ರೈಲಿನಲ್ಲಿ ಮೊದಲ ಬಾರಿಗೆ ಕೊಡದೆ, ಹೊರಡುವ ಕೆಲವು ದಿನ ಮುಂಚೆಯೇ ಮನೆಯಲ್ಲಿ ರೂಢಿ ಮಾಡಿಸುವುದು ಜಾಣತನ.

ಚೀಲದಲ್ಲಿ ಇರಬೇಕಾದವು ಇಷ್ಟೇ: ಒಣ ಡಬ್ಬಿಯಲ್ಲಿ ಹುರಿಹಿಟ್ಟು, ಫ್ಲಾಸ್ಕಿನಲ್ಲಿ ಕುದಿಸಿದ ನೀರು, ಸ್ಟೀಲಿನ ಬಟ್ಟಲು ಮತ್ತು ಚಮಚ, ಸಿಪ್ಪೆಯೊಳಗೇ ಸುರಕ್ಷಿತವಾಗಿರುವ ಬಾಳೆಹಣ್ಣು, ಸೋಪು, ಓಆರ್‌ಎಸ್ ಪೊಟ್ಟಣ. ಪ್ರತಿ ಹೊತ್ತಿಗೂ ಕೈ ತೊಳೆದು ಹೊಸದಾಗಿ ಕಲಸಿ, ಆರಿಸಿ ಉಣಿಸಿ, ಮಿಕ್ಕಿದ್ದನ್ನು ಚೆಲ್ಲಿರಿ. ಭೇದಿಯಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಓಆರ್‌ಎಸ್ ಕದಡಿ ಚಮಚದಿಂದ ಕುಡಿಸುತ್ತ, ಎದೆಹಾಲು ನಿಲ್ಲಿಸದೆ, ಬೇಗನೆ ವೈದ್ಯರನ್ನು ಕಾಣಿರಿ.

ರೈಲಿನ ಸಾಕೆಟ್ಟಿನಲ್ಲಿ ವಿದ್ಯುತ್ ಕೆಟಲ್ ಬಳಸುವುದು ನಿಷಿದ್ಧ ಎಂಬುದು ನೆನಪಿರಲಿ. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವೆಂದಾದರೆ ಟಿಕೆಟಿನ ಅಗತ್ಯವಿಲ್ಲ. ಆದರೆ ತಾಯಿಗೆ ಕೆಳಗಿನ ಬರ್ತ್ ಅತ್ಯಗತ್ಯ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿರುವುದರಿಂದ ದಿನಾಂಕವನ್ನು ಲೆಕ್ಕ ಹಾಕಿಡಿ. ಮಳೆಗಾಲದಲ್ಲಿ ಕೊಂಕಣ ಮಾರ್ಗದ ರೈಲುಗಳು ನಿಧಾನವಾಗಿ ಚಲಿಸುತ್ತವೆ. ಆಗ ಒಂದೆರಡು ಹೊತ್ತಿನ ಆಹಾರ ಹೆಚ್ಚಿಗೆ ಇರಲಿ.

ಎರಡು ತಿಂಗಳ ಬಳಿಕ ನಾವು ಪುನಃ ಊರಿಗೆ ಹೊರಟಾಗ ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದೆವು. ಸಂಜೆ ಮಗು ಹುರಿಹಿಟ್ಟು ಉಂಡು ಮಲಗಿತು. ನಾವು ಚಟ್ನಿಪುಡಿ ಸವರಿದ ಚಪಾತಿಯ ಬುತ್ತಿ ಬಿಚ್ಚಿ ನೆಮ್ಮದಿಯಿಂದ ಉಂಡೆವು. ಬೆಳಿಗ್ಗೆ ಮನೆಯಲ್ಲಿ ಹಲಸಿನೆಲೆಯ ಕೊಟ್ಟೆ ಕಡುಬು ಹಬೆಯಾಡುತ್ತಿತ್ತು. ತಾಯಿಯವರು ಪದ್ಧತಿಯಂತೆ ಮಗುವಿನ ನಾಲಗೆಗೆ ಜೇನು ನೆಕ್ಕಿಸಲು ಬೆರಳು ಅದ್ದಿದ್ದರು. "ಅಮ್ಮಾ, ಜೇನು ವರ್ಷ ತುಂಬಿದ ಮೇಲೆ ನಿಮ್ಮ ಕೈಯಿಂದಲೇ ಆಗಲಿ, ಇವತ್ತು ಗಂಜಿ ಉಣಿಸಿ" ಎಂದು ಉಪ್ಪಿಲ್ಲದೆ ಮೆತ್ತಗೆ ಬೇಯಿಸಿದ ಕುಚ್ಚಲಕ್ಕಿ ಗಂಜಿಯನ್ನು, ಒಂದು ಹನಿ ತುಪ್ಪ ಬೆರೆಸಿ, ಅವರ ಮುಂದಿಟ್ಟೆವು. ಕ್ಷಣಕಾಲ ಅವರ ಮುಖ ಬಾಡಿತು. ಮಗು ಬಾಯಿ ತೆರೆದು ಮೊದಲ ತುತ್ತು ನುಂಗಿದ್ದೇ ಅದೆಲ್ಲ ಮರೆತುಹೋಯಿತು. ಬಟ್ಟಲು ಬರಿದಾಗುವವರೆಗೂ ಅವರು ಮಗುವನ್ನು ಯಾರಿಗೂ ಕೊಡಲಿಲ್ಲ.

ಹಿರಿಯರ ಪ್ರೀತಿಗೆ ಬೇಡವೆನ್ನಬೇಕಾಗಿಲ್ಲ, ಅದಕ್ಕೆ ಬೇರೊಂದು ಬಟ್ಟಲು ಒದಗಿಸಿದರೆ ಸಾಕು ಎಂಬುದನ್ನು ನಾವು ಅಂದು ಕಲಿತೆವು. ಈ ಬಾರಿ ಪುಟ್ಟ ಮಕ್ಕಳೊಂದಿಗೆ ಊರಿಗೆ ತೆರಳುವ ಎಲ್ಲ ಬಂಧುಗಳ ಪ್ರಯಾಣವೂ ಸುಖಕರವಾಗಲಿ.